ನಡುತರದ ಮಾಲು

ಲಕ್ಷ್ಮೇಶ್ವರದ ಬಜಾರಿಗೆ ಒಣಮೆಣಸಿನಕಾಯಿ ಕೊಳ್ಳಲು ಬಂದವರು ಮೊದಲು ವಿಚಾರಿಸುತ್ತಿದ್ದದ್ದು ದರವನ್ನಲ್ಲ. ನೀಲಗಂಗವ್ವನ ಊಟ ಆಗಿದೆಯೋ ಇಲ್ಲವೋ ಎಂಬುದನ್ನು. ಊಟಕ್ಕೆ ಮೊದಲು ಅವಳ ಅಂಗಡಿಯ ಮೆಟ್ಟಿಲು ಹತ್ತಿದವನಿಗೆ ಮಾಲೂ ಸಿಗುತ್ತಿರಲಿಲ್ಲ, ಮಾನವೂ ಉಳಿಯುತ್ತಿರಲಿಲ್ಲ. ಊಟದ ಮೇಲೆ ಹೋದರೆ ಮಾಲಾದರೂ ಸಿಗುತ್ತಿತ್ತು.

ಮೆಣಸಿನಕಾಯಿ ಮಾರಿ ಮಾರಿ ಹೀಗೆ ಖಾರವಾದಳು ಎಂದು ಬಜಾರಿನ ಮಂದಿ ನಗುತ್ತಿದ್ದರು. ಅದು ಸುಳ್ಳು. ಅವಳು ಹುಟ್ಟಿದ್ದೇ ಹಾಗೆ. ಮೆಣಸಿನಕಾಯಿ ಅವಳಿಂದ ಕಲಿತಿದ್ದರೆ ಕಲಿತಿದ್ದೀತು.

ಗಂಡ ಶಿವಯೋಗಿ ತೀರಿಕೊಂಡಾಗ ಅವಳಿಗೆ ಉಳಿದದ್ದು ಈ ಅಂಗಡಿ, ಮುಂಡರಗಿ ಕಡೆಯ ಎರೆಹೊಲದ ರೈತರ ವಿಶ್ವಾಸ, ಮತ್ತು ಬೆನ್ನಿಗೆ ಬಂದು ನಿಂತ ತಮ್ಮ ನಿಜಲಿಂಗಪ್ಪ. ಆ ಕಾಲಕ್ಕೆ ಬಜಾರಿನ ಹಳೆಯ ಕುಳಗಳು ಇನ್ನೂ ಟವೆಲ್ಲಿನ ಕೆಳಗೆ ದರ ಮಾಡುತ್ತಿದ್ದರು. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು, ಮೇಲೊಂದು ಟವೆಲ್ಲು ಹೊದಿಸಿ, ಬೆರಳು ಅದುಮಿ ಅದುಮಿ ಮಾತಾಡುವುದು. ಸುತ್ತ ಹತ್ತು ಮಂದಿ ನಿಂತಿದ್ದರೂ ಏನು ನಡೆಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಣ್ಣುಮಗಳು, ಅದರಲ್ಲೂ ಗಂಡನಿಲ್ಲದವಳು, ಪರಗಂಡಸಿನ ಕೈ ಹಿಡಿದು ಟವೆಲ್ಲಿನ ಕೆಳಗೆ ಬೆರಳು ಅದುಮುವುದುಂಟೆ? ‘ನಿಮ್ಮ ತಮ್ಮನ್ನ ಕಳಸ್ರಿ’ ಎಂದರು ಹಿರಿಯರು. ತಮ್ಮನ ಕೈ ಹೋಯಿತು. ಅಕ್ಕ ಹೇಳಿಕೊಟ್ಟ ದರಕ್ಕಿಂತ ಕಡಿಮೆ ದರ ಹಿಡಿದುಕೊಂಡು ಬಂತು. ಮತ್ತೆ ಹೋಯಿತು, ಮತ್ತೆ ಹಾಗೆಯೇ ಬಂತು. ಒಂದು ದಿನ ನೀಲಗಂಗವ್ವ ನಡುಬಜಾರಿನಲ್ಲಿ ಹೋಗಿ ಆ ಟವೆಲ್ಲನ್ನೇ ಕಿತ್ತೆಸೆದಳು.

‘ಮಾಲು ನಂದು. ದರಾ ಬಾಯಿಲೆ ಹೇಳ್ರಿ, ನನ್ನ ಕಿವಿಗೆ ಬೀಳಲಿ. ಆಗದಿದ್ರ ಅದ ಟವೆಲ್ ತಲಿಗೆ ಸುತಗೊಂಡು ಮನಿಗೆ ನಡೀರಿ!’

ಅಂದಿನಿಂದ ಅವಳ ಮಾಲಿನ ಮಾತು ಬಾಯಲ್ಲೇ ನಡೆಯಿತು, ಅದೂ ದೊಡ್ಡ ಬಾಯಲ್ಲಿ.

ನಿಜಲಿಂಗಪ್ಪ ಕೆಟ್ಟವನಲ್ಲ. ಅವನಿಗೆ ಜಗಳವೆಂದರೆ ಆಗುತ್ತಿರಲಿಲ್ಲ, ಅಷ್ಟೆ. ಒಬ್ಬ ಆಕಾಶ ಎಂದು, ಇನ್ನೊಬ್ಬ ಪಾತಾಳ ಎಂದರೆ ನಿಜಲಿಂಗಪ್ಪ ಥಟ್ಟನೆ ‘ಅಟ್ಟ’ ಎಂದುಬಿಡುತ್ತಿದ್ದ. ಮೆಣಸಿನಕಾಯಿಯಲ್ಲಿ ಕಡುಗೆಂಪಿನದು ಮೇಲ್ತರ, ಬಿಳಿಚಿದ್ದು ಕೆಳತರ. ಎರಡರ ನಡುವೆ ಬಂದದ್ದನ್ನೆಲ್ಲ ‘ನಡುತರ’ ಎಂದು ಒಂದು ಕಡೆ ಸುರುವಿ ಮಾರುವುದು ಬಜಾರಿನ ರೂಢಿ. ಆ ನಡುತರವೇ ಅವನ ಕುಲದೇವರು.

ಕಳೆದ ಚಳಿಗಾಲದಲ್ಲಿ ಮೈ ತೊಳೆಯುವಾಗ ನೀಲಗಂಗವ್ವನ ಎಡ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ತಮ್ಮ ಗದಗಿಗೆ ಕರೆದೊಯ್ದ. ಸೂಜಿ ಚುಚ್ಚಿ ನೋಡಿದರು, ಆಮೇಲೆ ಗಂಟು ತೆಗೆದರು, ಕಂಕುಳಲ್ಲೂ ಒಂದು ಹೊಲಿಗೆ ಬಿತ್ತು. ‘ಕೊಬ್ಬಿನ ಗಂಟು ಅಕ್ಕ, ತಗದ್ರು, ಮುಗೀತು’ ಎಂದ ನಿಜಲಿಂಗಪ್ಪ.

‘ನನ್ನ ಕೊಬ್ಬೆಲ್ಲಾ ನಾಲಿಗ್ಯಾಗ ಐತಿ ಅಂತಿದ್ರು ಮಂದಿ. ಎದ್ಯಾಗೂ ಇತ್ತೇನು?’ ಎಂದು ಅವಳು ನಕ್ಕಳು. ನಿಜಲಿಂಗಪ್ಪ ನಗಲಿಲ್ಲ. ಅದನ್ನು ಅವಳು ಗಮನಿಸಬೇಕಿತ್ತು. ಹೊಲಿಗೆಯ ನೋವಿನಲ್ಲಿ ಗಮನಿಸಲಿಲ್ಲ.

ಅಂಗಡಿಗೆ ಮರಳಿದ ಮೇಲೆ ಒಂದು ವಿಚಿತ್ರ ಶುರುವಾಯಿತು. ಯಾರೂ ಅವಳೊಂದಿಗೆ ಚೌಕಾಸಿ ಮಾಡುತ್ತಿಲ್ಲ. ರೈತರು ಅವಳು ಹೇಳಿದ ದರಕ್ಕೆ ಚೀಲ ಇಳಿಸಿದರು. ಎದುರಂಗಡಿಯ ಖಾತುನಬಿ ದಿನ ಬಿಟ್ಟು ದಿನ ಕುರಿಮರಿಯ ಕಾಲಿನ ರಸ ಮಾಡಿಕೊಂಡು ಬಂದಳು. ‘ಲಿಂಗಾಯತರ ಮನಿಗೆ ಕಾಲಿನ ರಸಾ ತಂದೀಯಲ್ಲಬೇ, ತಲಿ ನೆಟ್ಟಗ ಐತಿಲ್ಲ?’ ಎಂದು ಗದರಿಸಿದ ಮೇಲೆ ಬೇಳೆಯ ಕಟ್ಟು ತರತೊಡಗಿದಳು. ಕೊನೆಗೆ ಖಾತುನಬಿಯ ಗಂಡ ನಜೀರಸಾಬ ಬಂದ. ಹೆಂಡತಿಯೊಂದಿಗೆ ಆಡುವ ಜಗಳಕ್ಕಿಂತ ಹೆಚ್ಚು ಜಗಳವನ್ನು ನೀಲಗಂಗವ್ವನೊಂದಿಗೆ ಆಡಿ ಮಾಲು ಕೊಂಡವನು ಅವನು. ಅವಳು ದರ ಹೇಳಿದಳು. ಬೇಕೆಂದೇ ನಾಚಿಕೆಗೆಟ್ಟ ದರ.

‘ಆತು ಅಕ್ಕಾರ. ನೀವ ಹೇಳಿದ್ದ ಖರೆ’ ಎಂದ ನಜೀರಸಾಬ.

ನೀಲಗಂಗವ್ವ ಎದ್ದು ಹೋಗಿ ಅವನು ಆರಿಸಿದ್ದ ಚೀಲದ ಮೇಲೆಯೇ ಕುಳಿತಳು.

‘ನಜೀರಣ್ಣ, ನಿನ್ನ ಅಪ್ಪ ಸತ್ತ ದಿನಾನೂ ನನ್ನ ಕೂಡ ದರಕ್ಕ ಬಡದಾಡಿದಾವ ನೀ. ಇವತ್ತ ಯಾಕ ಒಪ್ಪಿದಿ?’

‘ಮಾಲು ಚಲೋ ಐತ್ರಿ...’

‘ಚಲೋ ಮಾಲಿಗೆ ನೀ ಇನ್ನೂ ಜಾಸ್ತಿ ಬೈತಿ. ಹೇಳ್ತೀಯೋ, ಇಲ್ಲಾ ನಿನ್ನ ಚೀಲದ ಮ್ಯಾಲ ಕುಂತ ಸಾಯ್ಲೋ?’

ಸಾಯುವ ಮಾತು ಬಂದದ್ದೇ ನಜೀರಸಾಬನ ಕಣ್ಣು ತುಂಬಿತು. ‘ಹಂಗ ಅನಬ್ಯಾಡ್ರಿ ಅಕ್ಕಾರ. ನಿಜಲಿಂಗಪ್ಪ ಆಣಿ ತಗೊಂಡಾನ, ಹೇಳಬಾರದಂತ. ಕ್ಯಾನ್ಸರ್ ಆದ್ರ ಏನಾತ್ರಿ, ಈಗ ಔಷಧ ಅದಾವಂತ...’

ಅವಳು ಹೆದರಿದ್ದು ನಿಜ. ಆದರೆ ಒಂದು ಗಳಿಗೆ ಮಾತ್ರ. ಅದರ ಹಿಂದೆಯೇ ಬಂದ ಸಿಟ್ಟು ಎಂಥದ್ದೆಂದರೆ, ನಜೀರಸಾಬ ದುಡ್ಡು ಕೊಡುವುದನ್ನೂ ಮರೆತು, ಮಾಲು ಒಯ್ಯುವುದನ್ನೂ ಮರೆತು ಚಪ್ಪಲಿ ಹುಡುಕಿದ.

ನಿಜಲಿಂಗಪ್ಪ ಹಿಂದಿನ ಕೋಣೆಯಲ್ಲಿ ಚೀಲ ಹೊಲಿಯುತ್ತಿದ್ದ. ಅಕ್ಕನ ಹೆಜ್ಜೆಯ ಸಪ್ಪಳದಲ್ಲೇ ಅವನಿಗೆ ಎಲ್ಲ ತಿಳಿಯಿತು. ದಬ್ಬಣ ಕೆಳಗಿಟ್ಟ.

‘ಟವೆಲ್ ಹಾಕಿದ್ಯಲ್ಲೋ ಲೇ, ನನ್ನ ಮ್ಯಾಲ! ನನ್ನ ಎದಿ ದರಾ ನೀವು ನೀವ ಬೆರಳು ಒತ್ತಿ ಮಾಡೀರಿ. ಬಜಾರಕ್ಕೆಲ್ಲಾ ಗೊತ್ತು, ಖಾತುನಬಿಗೆ ಗೊತ್ತು, ಹಮಾಲರಿಗೆ ಗೊತ್ತು. ಮಾಲಿನ ಒಡತಿಗೆ ಗೊತ್ತಿಲ್ಲ!’

‘ಅಕ್ಕ, ನೀ ಧೈರ್ಯ ಕಳಕೊಂಡೀ ಅಂತ...’

‘ನನ್ನ ಧೈರ್ಯದ ಕೀಲಿ ನಿನ್ನ ಕೈಯಾಗ ಯಾವಾಗ ಕೊಟ್ಟಿದ್ದೆ? ಇನ್ನ ಏನೇನ ಮುಚ್ಚಿಟ್ಟೀ, ಎಲ್ಲಾ ಕಕ್ಕು.’

ನಿಜಲಿಂಗಪ್ಪ ಕಕ್ಕಿದ. ಮುಂದಿನ ವಾರದಿಂದ ಸಲೈನಿನಲ್ಲಿ ಔಷಧ ಹಾಕುತ್ತಾರೆ. ಅದನ್ನು ಅವಳಿಗೆ ‘ಶಕ್ತಿಯ ಸಲೈನು’ ಎಂದು ಹೇಳಬೇಕೆಂದಿದ್ದ. ಆಮೇಲೆ, ಅದು ಮುಖ್ಯವಲ್ಲ ಎನ್ನುವಂತೆ, ಇನ್ನೊಂದು ಮಾತೂ ಬಂತು.

‘ಆ ಗಂಟಿನ ಚೂರಿಗೆ ಬಣ್ಣಾ ಹಾಕಿ ನೋಡ್ಯಾರ ಅಕ್ಕ. ಯಾವುದೋ ಪ್ರೊಟೀನ್ ಐತಂತ, ಅದು ಹೆಚ್ಚಿದ್ದವರಿಗೆ ಬ್ಯಾರೆ ಔಷಧ. ಸೊನ್ನಿಯಿಂದ ಮೂರತನಾ ದರ್ಜೆ ಮಾಡ್ತಾರ. ನಿಂದು ಎರಡು ಬಂತು. ಮೂರೂ ಅಲ್ಲ, ಒಂದೂ ಅಲ್ಲ. ನಡುತರ. ಇನ್ನೊಂದ ಪರೀಕ್ಷೆ ಮಾಡಸ್ರಿ ಅಂದ್ರು ಡಾಕ್ಟರು. ನಡುತರದ ಮಾಲಿಗೆ ಮತ್ಯಾಕ ಪರೀಕ್ಷೆ? ಬ್ಯಾಡ್ರಿ, ಸಾದಾ ಔಷಧನ ಹಾಕ್ರಿ ಅಂದೆ. ಮತ್ತ... ಅದಕ್ಕ ನಿನ್ನ ಸಹಿ ಕೇಳ್ತಿದ್ರು. ನಿನಗ ಗೊತ್ತಾಗ್ತಿತ್ತು.’

ನೀಲಗಂಗವ್ವನಿಗೆ ಪ್ರೊಟೀನಿನ ವಿಷಯ ಗೊತ್ತಿರಲಿಲ್ಲ. ಆದರೆ ವ್ಯಾಪಾರದಲ್ಲಿ ಒಬ್ಬ ‘ಇನ್ನೊಮ್ಮೆ ನೋಡಿ’ ಎಂದಾಗ ‘ಬೇಡ’ ಎನ್ನುವವನು ಎಂಥ ಮೂರ್ಖ ಎಂಬುದು ಗೊತ್ತಿತ್ತು. ಮರುದಿನ ಬೆಳಿಗ್ಗೆ ಶಿರಹಟ್ಟಿಯ ಮೇಲೆ ಗದಗಿಗೆ ಹೋಗುವ ಬಸ್ಸು ಹತ್ತಿದಳು. ನಿಜಲಿಂಗಪ್ಪ ಹಿಂದಿನ ಬಾಗಿಲಿನಿಂದ ಹತ್ತಿ ಅಲ್ಲೇ ನಿಂತುಕೊಂಡ. ಅಕ್ಕನ ಪಕ್ಕದ ಸೀಟು ಖಾಲಿ ಇತ್ತು, ಕೂರುವ ಧೈರ್ಯ ಇರಲಿಲ್ಲ.

ಗದಗಿನ ಆ ದವಾಖಾನೆಯ ಕ್ಯಾನ್ಸರ್ ಡಾಕ್ಟರು ಫಿಜಾ, ಬೆಟಗೇರಿಯ ನೇಕಾರರ ಮನೆಯ ಮಗಳು. ವಯಸ್ಸು ಸಣ್ಣದು, ಮಾತು ಗಟ್ಟಿ. ನೀಲಗಂಗವ್ವ ನಮಸ್ಕಾರವನ್ನೂ ಹೇಳಲಿಲ್ಲ.

‘ನಿಮ್ಮ ದವಾಖಾನ್ಯಾಗ ಕೊಯ್ದದ್ದು ಯಾರನ್ನ? ನನ್ನೋ, ಇವನ್ನೋ?’

‘ನಿಮ್ಮನ್ನರಿ.’

‘ಮತ್ತ ಇವನ ಕೂಡ ಯಾಕ ಮಾತಾಡಿದ್ರಿ? ಕೊಯ್ಯೂದು ನನ್ನ, ಕೇಳೂದು ಇವನ್ನ?’

‘ಕಾಗದದ ಮ್ಯಾಲ ನಿಮ್ಮ ಸಹಿ ಐತ್ರಿ.’

‘ಅದರಾಗ ಇಂಗ್ಲೀಷ್ ಐತಿ! ಮೆಣಸಿನಕಾಯಿ ಚೀಲದ ಮ್ಯಾಲಾದ್ರೂ ಕನ್ನಡದಾಗ ಬರೀತೇವಿ ನಾವು.’

ಫಿಜಾ ಪೆನ್ನು ಕೆಳಗಿಟ್ಟಳು. ಅವಳ ಮುಖವೂ ಕೆಂಪಾಯಿತು. ‘ನನಗೂ ಸಿಟ್ಟ ಐತ್ರಿ ಅವ್ವಾರ. ದಿನಾ ಬರ್ತಾರ. ರೋಗಿನ್ನ ಹೊರಗ ಬಾಕಿನ ಮ್ಯಾಲ ಕುಂದ್ರಿಸಿ ಒಳಗ ಬಂದು, ಅವರಿಗೆ ಹೇಳಬ್ಯಾಡ್ರಿ ಅಂತ ಕೈ ಮುಗೀತಾರ. ಹೇಳಿದ್ರ ರೋಗಿನ್ನ ಎಬ್ಬಿಸಿಕೊಂಡ ಹೋಗ್ತಾರ. ಹೋಗಬಾರದಂತ ನಾನೂ ಸುಮ್ಮನಾಗ್ತೇನಿ. ನಿಮ್ಮ ವಿಷಯದಾಗ ಸುಮ್ಮನಾಗಿದ್ದು ತಪ್ಪು. ನಿಮ್ಮನ್ನ ಕೇಳಬೇಕಿತ್ತು.’

ತಪ್ಪು ಒಪ್ಪಿಕೊಂಡವರ ಮೇಲೆ ಸಿಟ್ಟು ಮಾಡುವುದು ನೀಲಗಂಗವ್ವನಿಗೆ ಬಲು ಕಷ್ಟದ ಕೆಲಸ. ಕುರ್ಚಿಯಲ್ಲಿ ಕುಳಿತಳು. ‘ಹೇಳ್ರಿ, ಆ ಪ್ರೊಟೀನ್ ಅಂದ್ರ ಏನು? ಇವಗ ಹೇಳಿದಂಗ ಹೇಳಬ್ಯಾಡ್ರಿ. ತಿಳಿಯೂ ಹಂಗ ಹೇಳ್ರಿ.’

‘ನಮ್ಮ ಮೈಯಾಗ ಕೋಟಿಗಟ್ಟಲೆ ಜೀವಕೋಶ ಅದಾವ್ರಿ. ಒಂದೊಂದಕ್ಕೂ ಸುತ್ತ ತೆಳ್ಳನ್ನ ಪೊರಿ, ತೊಗಲಿನಂಗ. ಆ ಪೊರಿಯಿಂದ ಹೊರಗ ಕೈ ಚಾಚಿದಂಗ ಕೆಲವು ಪ್ರೊಟೀನ್ ಇರ್ತಾವ. ಅದರಾಗ ಒಂದರ ಹೆಸರು ಹರ್-ಟು. ಪಕ್ಕದ ಕೈ ಕೂಡ ಕೈ ಜೋಡಿಸಿ ಒಳಗ ಖಬರ ಮುಟ್ಟಸೂದು ಅದರ ಕೆಲಸ. ಏನ ಖಬರ? ಬೆಳಿ, ಒಂದಿದ್ದದ್ದು ಎರಡಾಗು ಅಂತ. ಎಲ್ಲಾರಿಗೂ ಸ್ವಲ್ಪ ಇರ್ತದ. ಕೆಲವರ ಕ್ಯಾನ್ಸರದಾಗ ಮಾತ್ರ ಪೊರಿ ತುಂಬ ಅದ ಕೈ. ಖಬರ ಮ್ಯಾಲ ಖಬರ. ಗಂಟು ಜೋರ ಬೆಳೀತದ.’

‘ಆಗ?’

‘ಆಗ ಒಂದು ಚಲೋನೂ ಐತಿ. ಆ ಕೈ ಪೊರಿ ಹೊರಗ ಐತಲ್ರಿ, ಅದಕ್ಕ ನಮಗ ಸಿಗ್ತದ. ಅದನ್ನ ಹುಡುಕಿಕೊಂಡ ಹೋಗಿ ಗಟ್ಟಿ ಹಿಡಿಯೋ ಔಷಧ ಐತಿ. ಕೈ ಹೆಚ್ಚಿದ್ದವರಿಗೆ ಅದು ಜೀವಾ ಉಳಸೂ ಔಷಧ. ಇಲ್ಲದವರಿಗೆ ಅದು ದಂಡ. ಹೃದಯಕ್ಕ ಭಾರ ಬ್ಯಾರೆ.’

‘ನಂದು ಎರಡು ಬಂದೈತಿ ಅಂದ. ನಡುತರ.’

‘ನಡುತರ ಅಲ್ರಿ!’ ಫಿಜಾಳ ದನಿ ಏರಿತು. ‘ಮೂರು ಅಂದ್ರ ಹೆಚ್ಚೈತಿ. ಸೊನ್ನಿ, ಒಂದು ಅಂದ್ರ ಹೆಚ್ಚಿಲ್ಲ. ಎರಡು ಅಂದ್ರ ಬಣ್ಣಾ ನೋಡಿ ನಮಗ ತಿಳೀಲಿಲ್ಲ ಅಂತ ಅರ್ಥ. ಆಗ ಕೋಶದ ಒಳಗ ಹೊಕ್ಕು ಆ ಪ್ರೊಟೀನಿನ ಜೀನ್ ಎಷ್ಟ ಅದಾವು ಅಂತ ಎಣಿಸಿ ನೋಡಬೇಕು. ಅದನ್ನ ನಿಮ್ಮ ತಮ್ಮಾರು ಬ್ಯಾಡ ಅಂದ್ರು.’

ನೀಲಗಂಗವ್ವ ತಿರುಗಿ ತಮ್ಮನನ್ನು ನೋಡಿದಳು. ಮೆಣಸಿನಕಾಯಿಯ ಬಣ್ಣದ ಮೇಲೆ ಅನುಮಾನ ಬಂದಾಗ ಕಾಯಿ ಮುರಿದು ಒಳಗೆ ನೋಡಬೇಕೆಂದು ಅವನಿಗೆ ಕಲಿಸಿದವಳು ಅವಳೇ. ಎಂಥೆಂಥ ಚೀಲದ ಕಾಯಿಗಳನ್ನು ಅವನು ಮುರಿದು ನೋಡಿರಲಿಲ್ಲ! ಅಕ್ಕನ ಜೀವದ ಪ್ರಶ್ನೆ ಬಂದಾಗ ಮಾತ್ರ ತಿಳಿಯದ್ದನ್ನು ತೂಗಿ, ನಡುವಿನ ದರ ಹಚ್ಚಿ, ಮನೆಗೆ ಬಂದು ಉಂಡು ಮಲಗಿದ್ದ.

ಗಂಟಿನ ಚೂರನ್ನು ಮೇಣದ ಬಿಲ್ಲೆಯಲ್ಲಿ ಹುದುಗಿಸಿ ಇಟ್ಟಿದ್ದರು, ಕೆಟ್ಟಿರಲಿಲ್ಲ. ಫಿಜಾ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದಳು. ನೀಲಗಂಗವ್ವ ಎರಡು ಕಡೆ ಅಡ್ಡ ಪ್ರಶ್ನೆ ಕೇಳಿ ಸಹಿ ಹಾಕಿದಳು. ಬಿಲ್ಲೆ ದೊಡ್ಡ ಊರಿನ ಪ್ರಯೋಗಶಾಲೆಗೆ ಹೋಯಿತು.

ಉತ್ತರ ಬರುವವರೆಗಿನ ದಿನಗಳಲ್ಲಿ ಅವಳ ಸಿಟ್ಟಿಗೆ ಹೆದರಿ ಅಂಗಡಿಯ ಹತ್ತಿರ ನಾಯಿಯೂ ಸುಳಿಯಲಿಲ್ಲ. ಹಮ್ಮಿಗಿಯ ಮುತ್ತಣ್ಣ ಎಂಬ ರೈತನೊಬ್ಬ ಮಾತ್ರ ಧೈರ್ಯ ಮಾಡಿದ. ಮೊಬೈಲು ಮುಂದೆ ಹಿಡಿದು, ‘ಅತ್ತಿ, ನೀ ಚಿಂತಿ ಬಿಡು. ಕ್ಯಾನ್ಸರ್ ಖತಂ ಆತು. ಜೀವಕೋಶದ ಪೊರಿ ಮ್ಯಾಲ ಯಾವುದೋ ಹೊಸಾ ಪ್ರೊಟೀನ್ ಸಿಕ್ಕೈತಂತ. ಈ ಸಾದಾ ಔಷಧ ಎಲ್ಲಾ ಬಿಟ್ಟು ಅದಕ್ಕ ಕಾಯಬೇಕು ನೋಡು’ ಎಂದ.

‘ಪ್ರೊಟೀನ್ ಸಿಕ್ಕೈತೋ, ಔಷಧ ಸಿಕ್ಕೈತೋ?’

‘ಪ್ರೊಟೀನು. ಅದರ ಮ್ಯಾಲ ಔಷಧ ಮಾಡಾಕ ಬರಬಹುದಂತ.’

‘ಅಂದ್ರ ಹೊಲಾ ಕಂಡೈತಿ. ಹರಗ್ಯಾರೇನು?’

‘ಇಲ್ಲ.’

‘ಬಿತ್ಯಾರೇನು?’

‘ಗೊತ್ತಿಲ್ಲಬೇ.’

‘ಹರಗದ ಹೊಲದ ಮೆಣಸಿನಕಾಯಿ ನನಗ ಮಾರಾಕ ಬಂದೀಯಲ್ಲೋ ಮೂಳ! ಹೊಲಾ ಹುಡುಕೂದು ಸಣ್ಣ ಕೆಲಸ ಅಲ್ಲ, ಓದಿದವರು ಹುಡುಕ್ಯಾರ, ಅವರ ಕೈ ತಣ್ಣಗಿರಲಿ. ಮುಂದೊಮ್ಮೆ ಯಾರ ಮನಿಗಾದ್ರೂ ಬೆಳಿ ಬಂದೀತು. ಸುಗ್ಗಿ ಆತು ಅಂತ ಡಂಗುರಾ ಹೊಡಿಯೂ ನಿನ್ನಂಥವರ ಬಾಯಾಗ ಗುಂಟೂರು ಪುಡಿ ಹಾಕಬೇಕು. ನಿನ್ನ ಮಾತ ಕೇಳಿ ಯಾವಳರ ಪುಣ್ಯಾತಗಿತ್ತಿ ಇದ್ದ ಔಷಧ ಬಿಟ್ಟು ಸತ್ತಳಂದ್ರ, ಮಣ್ಣಿಗೆ ಹೆಗಲ ಕೊಡಾಕ ನೀ ಹೋಗ್ತೀಯೇನು?’

ಮುತ್ತಣ್ಣ ಚಹಾ ಕುಡಿಯದೇ ಹೋದ.

ಒಂದು ಸಂಜೆ ಅವಳು ಸೋಮೇಶ್ವರನ ಗುಡಿಗೆ ಹೋದಳು. ಕೈ ಮುಗಿದು ನಿಂತ ಮೇಲೆ ಏನು ಬೇಡಬೇಕೆಂದೇ ತಿಳಿಯಲಿಲ್ಲ. ಆ ಪ್ರೊಟೀನಿನ ಕೈಗಳು ಹೆಚ್ಚಿರಲಿ ಎಂದರೆ ಕೆಟ್ಟ ಜಾತಿಯ ರೋಗವನ್ನು ಬೇಡಿದಂತೆ. ಹೆಚ್ಚಿಲ್ಲದಿರಲಿ ಎಂದರೆ ಒಳ್ಳೆಯ ಔಷಧವೊಂದನ್ನು ಬೇಡವೆಂದಂತೆ. ಬದುಕಿನಲ್ಲಿ ಮೊದಲ ಸಲ ಯಾವ ದರ ಹೇಳಬೇಕೆಂದು ಗೊತ್ತಾಗದೆ, ದೇವರ ಮೇಲೂ ಸಿಟ್ಟು ಮಾಡಿಕೊಂಡು, ಪ್ರಸಾದವನ್ನೂ ತೆಗೆದುಕೊಳ್ಳದೆ ಹೊರಗೆ ಬಂದಳು.

ಫಿಜಾಳ ಕರೆ ಬಂತು. ಈ ಸಲ ನೇರ ನೀಲಗಂಗವ್ವನ ಫೋನಿಗೇ. ಅಕ್ಕ ತಮ್ಮ ಇಬ್ಬರೂ ಹೋದರು.

‘ಎಣಿಸಿ ನೋಡ್ಯಾರ್ರಿ. ಹೆಚ್ಚಿಲ್ಲ. ಹರ್-ಟು ಹಿಡಿಯೋ ಔಷಧ ನಿಮಗ ಉಪಯೋಗ ಇಲ್ಲ’ ಎಂದಳು ಫಿಜಾ. ‘ಕಮ್ಮಿ ಕೈ ಇದ್ದವರಿಗೂ ಕೆಲಸಾ ಮಾಡೂ ಹೊಸಾ ಔಷಧ ಬಂದಾವ. ಆದ್ರ ಅವು ರೋಗ ಬ್ಯಾರೆ ಕಡೆ ಹರಡಿದಾಗ. ಈಗ ನಿಮಗ ಸಲೈನಿನ್ಯಾಗ ಹಾಕೂ ಸಾದಾ ಕೀಮೋನ ಸರಿ. ಅದು ಮುಗದ ಮ್ಯಾಲ ರೇಡಿಯೇಶನ್ನಿನ ಕರೆಂಟು, ಆಮ್ಯಾಲ ಗುಳಿಗಿ.’

ನಿಜಲಿಂಗಪ್ಪ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟ. ಇಷ್ಟು ದಿನ ನೆಲ ನೋಡುತ್ತಿದ್ದ ಮುಖ ಮೇಲಕ್ಕೆದ್ದಿತು. ಸುಮ್ಮನಿದ್ದರೆ ಬದುಕಿಕೊಳ್ಳುತ್ತಿದ್ದ.

‘ನೋಡಕ್ಕ, ನಾ ಅಂದದ್ದ ಖರೆ ಆತು. ಸಾದಾ ಔಷಧನ ಸಾಕು ಅಂದಿದ್ನೋ ಇಲ್ಲೋ?’

ಆ ಕೋಣೆಯ ಹೊರಗೆ ಕುಳಿತವರಿಗೆಲ್ಲ ಮುಂದಿನ ಮಾತು ಕೇಳಿಸಿತು.

‘ಲೇ! ಕುರುಡ ಒಗದ ಕಲ್ಲ ಮಾವಿನಕಾಯಿಗೆ ಬಡೀತು. ಬಡದದ್ದ ಖರೆ. ಅಷ್ಟಕ್ಕ ಅವನ ಕಣ್ಣ ಬಂದ್ವೇನಲೇ? ಮೂರು ಇತ್ತಂದ್ರ? ಔಷಧ ಅಲಮಾರಿನ್ಯಾಗ, ನಾ ಮಣ್ಣಾಗ. ನೀ ನಡುತರದ ಹೋಳಿಗಿ ಮಾಡಿಸಿ ಊರಿಗೆ ಉಣ್ಣಾಕ ಹಾಕ್ತಿದ್ದಿ. ಖರೆ ಆತಂತ, ಖರೆ! ನಿನಗ ಗೊತ್ತಿತ್ತೇನು? ಗೊತ್ತಿಲ್ಲದ್ದ ಹೇಳಿ, ಅದು ಖರೆ ಆದ್ರ ಅದು ಇನ್ನೂ ದೊಡ್ಡ ಸುಳ್ಳು. ನಾಳೆ ಇದ ಧೈರ್ಯದ ಮ್ಯಾಲ ಇನ್ನೊಬ್ಬರನ್ನ ಕೊಂದು ಬರ್ತಿ!’

ನಿಜಲಿಂಗಪ್ಪನ ಮುಖ ಕುಸಿಯಿತು. ‘ನೀ ಹೋಗಿಬಿಡ್ತಿ ಅನ್ನೂದನ್ನ ನಿನ್ನ ಮುಂದ ಹೇಳಾಕ ನನ್ನ ಬಾಯಿ ಬರಲಿಲ್ಲಬೇ ಅಕ್ಕ. ಅವ್ವ ಸತ್ತ ಮ್ಯಾಲ ನೀ ಅಲ್ಲೇನ ನನಗ...’ ಎಂದು ಮಗುವಿನಂತೆ ಬಿಕ್ಕಿದ.

ಅದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಸಿಟ್ಟು ಇನ್ನೂ ಹೆಚ್ಚಾಯಿತು. ಪ್ರೀತಿ ಇಲ್ಲದವನು ಮೋಸ ಮಾಡಿದ್ದರೆ ಅಂಗಡಿಯಿಂದ ಹೊರಗೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಇವನನ್ನು ಏನು ಮಾಡುವುದು?

ಅವನ ಕಡೆಗೆ ಬೆನ್ನು ಹಾಕಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

‘ಡಾಕ್ಟರ, ಈಗ ನನಗ ಹೇಳ್ರಿ. ಉಳೀತೀನೋ ಇಲ್ಲೋ?’

‘ಅಕ್ಕಗ ಏನೂ ಆಗಂಗಿಲ್ರಿ...’ ಎಂದು ಹಿಂದಿನಿಂದ ಒಂದು ದನಿ ಎದ್ದಿತು.

‘ನಿನ್ನ ಕೇಳಿಲ್ಲ.’

ಫಿಜಾ ತಮ್ಮನ ಮುಖ ನೋಡಲಿಲ್ಲ. ಕಂಕುಳಲ್ಲಿ ಎಷ್ಟು ಗಂಟಿಗೆ ರೋಗ ಹಬ್ಬಿತ್ತು, ಇಂಥ ರೋಗದಲ್ಲಿ ಎಷ್ಟು ಮಂದಿ ಉಳಿಯುತ್ತಾರೆ, ಎಷ್ಟು ಮಂದಿಗೆ ಮತ್ತೆ ಏಳುತ್ತದೆ, ಕೀಮೋದಲ್ಲಿ ಯಾವ ದಿನ ವಾಂತಿ, ಯಾವ ದಿನ ಸುಸ್ತು, ಕೂದಲು ಯಾವಾಗ ಉದುರುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದಳು. ಉಳಿಯುವವರೇ ಹೆಚ್ಚು; ಆದರೆ ನೀವು ಯಾರ ಪೈಕಿ ಎಂದು ಈಗ ಹೇಳಲು ತನ್ನಿಂದ ಆಗದು ಎಂದಳು. ನೀಲಗಂಗವ್ವ ತಿಳಿಯದ ಕಡೆ ತಡೆದು ಮತ್ತೆ ಕೇಳಿದಳು. ಒಂದೆರಡು ಸಲ ಅವಳ ದನಿ ನಡುಗಿತು. ಆ ನಡುಕಕ್ಕೂ ಅವಳಿಗೆ ಸಿಟ್ಟು ಬಂತು.

‘ಆತು. ಯಾವತ್ತ ಚಾಲೂ ಮಾಡ್ತೀರಿ?’

‘ನಾಳೆ ಮುಂಜಾನೆ ಆಗತೈತ್ರಿ.’

‘ಬರ್ತೇನಿ’ ಎಂದು ಸೆರಗು ಹೊದ್ದು ಎದ್ದಳು.

ಬಾಗಿಲ ಹತ್ತಿರ ನಿಜಲಿಂಗಪ್ಪ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದ. ‘ನಾನೂ ಬರ್ಲ್ಯಾ ಅಕ್ಕ, ನಾಳಿ?’

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ, ಮುಗ್ಗಿದ ಚೀಲವನ್ನು ನೋಡುವಂತೆ ನೋಡಿದಳು.

‘ಬಾ. ಬಾಯಿ ಮನ್ಯಾಗ ಇಟ್ಟು ಬಾ.’